ಏಳು ದಿನದ ಶಿಬಿರ ಸಾಕಾ? ಕಾಡಂಚಿನ ಮಕ್ಕಳ ಓದಿಗೆ ನಮ್ಮ ಕಾಲೇಜು ವಿದ್ಯಾರ್ಥಿಗಳು ಏನು ಮಾಡಬಹುದು: ಇಲ್ಲಿದೆ ವಿವರ

ಗುಂಡ್ಲುಪೇಟೆ: ಬಂಡೀಪುರ ಅಂದ್ರೆ ಹೊರಗಿನವರಿಗೆ ಹುಲಿ, ಸಫಾರಿ, ಇಲ್ಲಾಂದ್ರೆ 2009ರಿಂದ ನಡೀತಾ ಇರೋ ರಾತ್ರಿ ಸಂಚಾರ ನಿರ್ಬಂಧದ ಚರ್ಚೆ. ನಮಗೆ ಅಷ್ಟೇ ಅಲ್ಲ. ಮಂಗಲ, ಮೇಲುಕಾಮನಹಳ್ಳಿ, ಹಂಗಳ, ಬೇರಂಬಾಡಿ, ಮದ್ದೂರು ಕಡೆಯ ಕಾಡಂಚಿನ ಜನ ನಮ್ಮ ಪೇಟೆಗೇ ಬರ್ತಾರೆ, ನಮ್ಮ ಅಂಗಡಿಗಳಲ್ಲೇ ಅಕ್ಕಿ, ಬೇಳೆ, ಬಟ್ಟೆ ತಗೊಳ್ತಾರೆ. ಆದರೆ ಅವರ ಮಕ್ಕಳು ಎಷ್ಟನೇ ಕ್ಲಾಸಿಗೆ ಶಾಲೆ ಬಿಡ್ತಾರೆ, ಯಾಕೆ ಬಿಡ್ತಾರೆ ಅನ್ನೋ ಮಾತು ನಮ್ಮ ನಡುವೆ ಬರೋದು ಕಡಿಮೆ.

2011ರ ಜನಗಣತಿ ಪ್ರಕಾರ ರಾಜ್ಯದ ಸಾಕ್ಷರತೆ ಶೇ 75 ದಾಟಿದ್ದಾಗ ಚಾಮರಾಜನಗರ ಜಿಲ್ಲೆಯದು ಶೇ 61ರ ಆಸುಪಾಸಿನಲ್ಲಿತ್ತು. ಹೆಣ್ಣುಮಕ್ಕಳದ್ದು ಅದಕ್ಕಿಂತಲೂ ಕೆಳಗೆ. ಇದು ಇಡೀ ಜಿಲ್ಲೆಯ ಲೆಕ್ಕ. ಜೇನು ಕುರುಬ, ಕಾಡು ಕುರುಬ, ಸೋಲಿಗ ಕುಟುಂಬಗಳಿರುವ ಹಾಡಿ, ಪೋಡು, ಕಾಲೊನಿಗಳಲ್ಲಿ, ಪಟ್ಟಣದೊಳಗಿನ ಬಡ ಕೂಲಿ ಬಡಾವಣೆಗಳಲ್ಲಿ ಪರಿಸ್ಥಿತಿ ಇನ್ನೂ ಬಿಗಿ.

ಇದೇ ತಾಲೂಕಿನಲ್ಲಿ ಪ್ರತಿ ವರ್ಷ ಕಾಲೇಜು ವಿದ್ಯಾರ್ಥಿಗಳು ಎನ್‌ಎಸ್‌ಎಸ್ ಶಿಬಿರ ಅಂತ ಹಳ್ಳಿಗೆ ಬರ್ತಾರೆ. ಚರಂಡಿ ಕ್ಲೀನ್ ಮಾಡ್ತಾರೆ, ಗಿಡ ನೆಡ್ತಾರೆ, ಸಂಜೆ ಬೀದಿ ನಾಟಕ ಆಡ್ತಾರೆ. ಏಳನೇ ದಿನ ಸಮಾರೋಪ, ಫೋಟೊ, ಊಟ. ಎಂಟನೇ ದಿನ ಊರು ಮೊದಲಿನ ಹಾಗೆಯೇ. ಶ್ರಮದಾನ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇದೇ ವಿದ್ಯಾರ್ಥಿಗಳು ಒಂದು ಮಗು ಶಾಲೆ ಬಿಡದ ಹಾಗೆ ನೋಡ್ಕೊಳ್ಳೋಕೆ ಆಗುತ್ತಾ? ಆಗುತ್ತೆ. ಹೇಗೆ ಅನ್ನೋದನ್ನ ನೋಡೋಣ.

ಕಾಲೇಜಿನ ಹತ್ತಿರ ಎಷ್ಟು ಸಮಯ ಇದೆ?

ರಾಷ್ಟ್ರೀಯ ಸೇವಾ ಯೋಜನೆ, ಅಂದ್ರೆ ಎನ್‌ಎಸ್‌ಎಸ್, ಶುರುವಾದದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿ ಜನ್ಮ ಶತಮಾನೋತ್ಸವದ ವರ್ಷ. ಆಗ 37 ವಿಶ್ವವಿದ್ಯಾಲಯಗಳಲ್ಲಿ ಸುಮಾರು 40,000 ಸ್ವಯಂಸೇವಕರಿದ್ದರು. ಈಗ ಬಹುತೇಕ ಎಲ್ಲ ಡಿಗ್ರಿ ಕಾಲೇಜುಗಳಲ್ಲೂ, ಎಷ್ಟೋ ಪಿಯು ಕಾಲೇಜುಗಳಲ್ಲೂ ಘಟಕಗಳಿವೆ.

ನಿಯಮ ಸರಳ. ಒಂದು ಘಟಕಕ್ಕೆ ಸಾಮಾನ್ಯವಾಗಿ 100 ವಿದ್ಯಾರ್ಥಿಗಳು, ಅವರಿಗೊಬ್ಬ ಕಾರ್ಯಕ್ರಮಾಧಿಕಾರಿ. ಒಬ್ಬೊಬ್ಬ ಸ್ವಯಂಸೇವಕ ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಸೇವೆ ಮಾಡಬೇಕು. ಏಳು ದಿನದ ವಿಶೇಷ ಶಿಬಿರ ಇದರ ಜೊತೆಗೆ, ಬೇರೆ. ಈ 120 ಗಂಟೆಯಲ್ಲಿ ತರಬೇತಿಗೆ, ಕಾಲೇಜಿನ ಆವರಣದ ಕೆಲಸಕ್ಕೆ ಅಂತ 50 ಗಂಟೆ ತೆಗೆದರೂ 70 ಗಂಟೆ ಸಮುದಾಯದ ಕೆಲಸಕ್ಕೇ ಮೀಸಲು.

ಈಗ ಅಂಗಡಿ ಲೆಕ್ಕ ಹಾಕಿ. ವಾರಕ್ಕೆ ಎರಡು ಗಂಟೆ ಅಂದ್ರೆ 70 ಗಂಟೆ 35 ವಾರ ಬರುತ್ತೆ. ಹೆಚ್ಚುಕಮ್ಮಿ ಇಡೀ ಶಾಲಾ ವರ್ಷ! ನೂರು ಜನರೂ ಬೇಡ, 20 ವಿದ್ಯಾರ್ಥಿಗಳು ತಲಾ ಐದು ಮಕ್ಕಳ ಹೊಣೆ ಹೊತ್ತರೆ 100 ಮಕ್ಕಳಿಗೆ ವರ್ಷಪೂರ್ತಿ ವಾರಕ್ಕೆರಡು ಗಂಟೆ ಪಾಠ ಸಿಗುತ್ತೆ. ಇದಕ್ಕೆ ಹೊಸ ಯೋಜನೆ, ಹೊಸ ಅನುದಾನ ಏನೂ ಬೇಡ. ಗಂಟೆಗಳು ಈಗಾಗಲೇ ಇವೆ. ಅವನ್ನು ಎಲ್ಲಿ ಖರ್ಚು ಮಾಡ್ತೀವಿ ಅನ್ನೋದಷ್ಟೇ ಪ್ರಶ್ನೆ.

ಎನ್‌ಎಸ್‌ಎಸ್ ಒಂದೇ ಅಲ್ಲ, ಇನ್ನೂ ದಾರಿಗಳಿವೆ:

- ಉನ್ನತ ಭಾರತ ಅಭಿಯಾನ: 2014ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು. ಇದರಲ್ಲಿ ಸೇರಿದ ಕಾಲೇಜು ಐದು ಹಳ್ಳಿಗಳನ್ನು ಆರಿಸಿಕೊಂಡು ಅಲ್ಲಿನ ಸಮಸ್ಯೆಗಳ ಮೇಲೆ ಕೆಲಸ ಮಾಡಬೇಕು.
- ಬಿ.ಇಡಿ ವಿದ್ಯಾರ್ಥಿಗಳು: ಎರಡು ವರ್ಷದ ಬಿ.ಇಡಿ ಕೋರ್ಸಿನಲ್ಲಿ 20 ವಾರ ಶಾಲೆಯಲ್ಲೇ ಕಳೆಯಬೇಕು. ಪೇಟೆಯ ಶಾಲೆಗಳಿಗೆ ಸುಲಭವಾಗಿ ಸಿಗುವ ಈ ಕೈಗಳು ಕಾಡಂಚಿನ ಶಾಲೆಗಳಿಗೂ ತಲುಪಬೇಕು.
- ಸಮಾಜಕಾರ್ಯ ವಿದ್ಯಾರ್ಥಿಗಳು: ಎಂಎಸ್‌ಡಬ್ಲ್ಯೂ ಓದುವವರಿಗೆ ಕ್ಷೇತ್ರಕಾರ್ಯ ಪಠ್ಯದ ಭಾಗವೇ. ಶಾಲೆ ಬಿಟ್ಟ ಮಕ್ಕಳ ಮನೆ ಭೇಟಿಗೆ ಇವರಿಗಿಂತ ಹೊಂದುವವರು ಬೇರೆ ಇಲ್ಲ.

ಮಕ್ಕಳು ಶಾಲೆ ಬಿಡೋದು ಯಾವಾಗ, ಯಾಕೆ?

"ಅವರಿಗೆ ಓದು ಬೇಡ ಕಣ್ರೀ, ಕಾಡೇ ಬೇಕು" ಅಂತ ಸುಲಭವಾಗಿ ಹೇಳಿಬಿಡೋರಿದ್ದಾರೆ. ಅದು ಸರಿಯಲ್ಲ. ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿದ ದೇಶದ ಮೊದಲ ಒಂಬತ್ತು ಮೀಸಲು ಪ್ರದೇಶಗಳಲ್ಲಿ ಒಂದು. ಕಾಡಿನ ಕಾನೂನುಗಳು ಬಿಗಿಯಾಗುತ್ತಾ ಹೋದ ಹಾಗೆ ಜೇನು, ಗೆಡ್ಡೆ ಗೆಣಸು, ಕಿರು ಅರಣ್ಯ ಉತ್ಪನ್ನದ ಮೇಲೆ ನಿಂತಿದ್ದ ಬದುಕು ಕೂಲಿಯ ಮೇಲೆ ಬಂದು ನಿಂತಿತು. ಕೂಲಿ ಎಲ್ಲಿದೆಯೋ ಸಂಸಾರ ಅಲ್ಲಿಗೆ ಹೋಗುತ್ತೆ. ಸಂಸಾರ ಹೋದ ಕಡೆ ಮಗು ಹೋಗುತ್ತೆ.

ಕಾರಣಗಳನ್ನು ಬಿಡಿಸಿ ನೋಡಿದರೆ ನಾಲ್ಕು ಕಾಣುತ್ತವೆ.

ಒಂದು, ಕೊಡಗಿನ ಕಾಫಿ. ಡಿಸೆಂಬರ್‌ನಿಂದ ಕಾಫಿ ಕೊಯ್ಲು, ಅದರ ಬೆನ್ನಿಗೇ ಮೆಣಸು. ಹಾಡಿಯ ಎಷ್ಟೋ ಮನೆಗಳು ಆಗ ಬೀಗ ಹಾಕಿರ್ತವೆ. ಶಾಲೆಯಲ್ಲಿ ಪಾಠ ಮುಗಿದು ಪುನರಾವರ್ತನೆ ಶುರುವಾಗೋದೂ ಅದೇ ಸಮಯಕ್ಕೆ. ಎರಡು ಮೂರು ತಿಂಗಳು ತಪ್ಪಿಸಿಕೊಂಡ ಮಗು ವಾಪಸ್ ಬಂದಾಗ ಪಾಠ ಎಲ್ಲೋ ಇರುತ್ತೆ, ತಾನು ಎಲ್ಲೋ. ಗೊತ್ತಾಗದ ಕಡೆ ದಿನವಿಡೀ ಕೂರೋಕೆ ಯಾರಿಗೆ ತಾನೇ ಇಷ್ಟ?

ಎರಡು, ಮಾತು. ಜೇನು ಕುರುಬ, ಬೆಟ್ಟ ಕುರುಬ, ಸೋಲಿಗ ಮನೆಗಳಲ್ಲಿ ಆಡುವ ನುಡಿ ಬೇರೆ, ಪಠ್ಯಪುಸ್ತಕದ ಕನ್ನಡ ಬೇರೆ. ಒಂದನೇ ಕ್ಲಾಸಿನ ಮಗುವಿಗೆ ಮೇಷ್ಟ್ರ ಮಾತೇ ಅರ್ಧ ಅರ್ಥ ಆಗದಿದ್ದರೆ ಅದು ಸುಮ್ಮನಾಗುತ್ತೆ. ಸುಮ್ಮನಿರುವ ಮಗುವನ್ನು ನಾವು 'ದಡ್ಡ' ಅಂತೀವಿ. ಈ ತೊಂದರೆ ನಮ್ಮ ಪಕ್ಕದಲ್ಲೇ ಒಂದು ಒಳ್ಳೆಯ ಕೆಲಸಕ್ಕೂ ದಾರಿಯಾಗಿದೆ. ಇವತ್ತು ರಾಜ್ಯದ ಸರ್ಕಾರಿ ಶಾಲೆಗಳಲ್ಲೆಲ್ಲ ಗೊತ್ತಿರುವ 'ನಲಿಕಲಿ' ಪದ್ಧತಿ 1995ರಲ್ಲಿ ಮೊದಲು ಶುರುವಾದದ್ದು ಬಂಡೀಪುರದ ಆಚೆ ಮಗ್ಗುಲಿನ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ. ಪ್ರತಿ ಮಗು ತನ್ನ ವೇಗದಲ್ಲಿ, ಹಾಡು-ಕಾರ್ಡು-ಆಟದ ಮೂಲಕ ಕಲಿಯೋದು ಅದರ ತಿರುಳು.

ಮೂರು, ದಾಟು. ಆಶ್ರಮ ಶಾಲೆಯಿಂದ ಬೇರೆ ಶಾಲೆಗೆ, ಪ್ರಾಥಮಿಕದಿಂದ ಹೈಸ್ಕೂಲಿಗೆ, ಎಸ್‌ಎಸ್‌ಎಲ್‌ಸಿಯಿಂದ ಪಿಯುಸಿಗೆ. ಹೊಳೆಯಲ್ಲಿ ಜನ ಬೀಳೋದು ದಾಟುವ ಕಡೆ ತಾನೆ? ಹಾಗೇ ಇದು. ಹೊಸ ಶಾಲೆ ದೂರ, ಬಸ್ಸಿನ ಟೈಮ್ ಹೊಂದಲ್ಲ, ಸಂಜೆ ತಡವಾದರೆ ಆನೆ ಭಯ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಉಚಿತ, ನಿಜ. ಆದರೆ ಟಿಕೆಟ್ ಉಚಿತವಾದರೆ ಸಾಲದು, ಐದು ಗಂಟೆಗೆ ಬಸ್ ಬರಬೇಕು.

ನಾಲ್ಕು, ಕಾಗದ ಪತ್ರ. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು. ಜಾತಿ ಪ್ರಮಾಣಪತ್ರಕ್ಕೆ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ ಅಲೆಯಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲ್ಲ. ಒಂದು ದಿನ ಅಲೆದರೆ ಒಂದು ದಿನದ ಕೂಲಿ ಹೋಯ್ತು. ಹೀಗೆ ಬರಬೇಕಾದ ವಿದ್ಯಾರ್ಥಿವೇತನ ಬರಲ್ಲ, ಹಾಸ್ಟೆಲ್ ಸೀಟಿಗೆ ಅರ್ಜಿಯೇ ಹೋಗಲ್ಲ.

ಬೇರೆ ಕಡೆ ಏನಾಗಿದೆ?

ಕಾಲೇಜು ಹುಡುಗರು ಬಡವರ ಕೇರಿಗೆ ಹೋಗಿ ಕೆಲಸ ಮಾಡುವುದು ಹೊಸದಲ್ಲ. 1884ರಲ್ಲಿ ಲಂಡನ್ನಿನ ಪೂರ್ವ ಭಾಗದ ಬಡ ಬಡಾವಣೆಯಲ್ಲಿ ಟಾಯ್ನ್‌ಬೀ ಹಾಲ್ ಅನ್ನೋ ಕೇಂದ್ರ ಶುರುವಾಯಿತು. ಆಕ್ಸ್‌ಫರ್ಡ್, ಕೇಂಬ್ರಿಜ್‌ನಲ್ಲಿ ಓದಿದ ಯುವಕರು ಅಲ್ಲೇ ವಾಸ ಮಾಡಿ ಪಾಠ ಹೇಳಿದರು. ಅಮೆರಿಕದಲ್ಲಿ 1965ರಿಂದ 'ಅಪ್‌ವರ್ಡ್ ಬೌಂಡ್' ಎಂಬ ಸರ್ಕಾರಿ ಕಾರ್ಯಕ್ರಮ ಇದೆ; ಬಡ ಕುಟುಂಬದ ಹೈಸ್ಕೂಲ್ ಮಕ್ಕಳಿಗೆ ಕಾಲೇಜುಗಳಲ್ಲೇ ತರಬೇತಿ ಕೊಟ್ಟು ಕಾಲೇಜು ಮೆಟ್ಟಿಲು ಹತ್ತಿಸೋದು ಅದರ ಕೆಲಸ.

ನಮ್ಮ ದೇಶದ ಅನುಭವ ನಮಗೆ ಇನ್ನೂ ಹತ್ತಿರ. ಮುಂಬೈ ಕೊಳೆಗೇರಿಗಳಲ್ಲಿ ಹುಟ್ಟಿದ 'ಪ್ರಥಮ್' ಸಂಸ್ಥೆ 2000ದ ಆರಂಭದ ವರ್ಷಗಳಲ್ಲಿ ಮುಂಬೈ, ವಡೋದರಾದ ಪಾಲಿಕೆ ಶಾಲೆಗಳಲ್ಲಿ 'ಬಾಲಸಖಿ' ಅಂತ ನಡೆಸಿತು. ಅದೇ ಬಡಾವಣೆಯ ಯುವತಿಯರು ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ ಅಕ್ಷರ, ಲೆಕ್ಕ ಕಲಿಸಿದರು. ಮಕ್ಕಳ ಕಲಿಕೆ ಸ್ಪಷ್ಟವಾಗಿ ಏರಿತು. ಇದನ್ನು ಅಳೆದು ನೋಡಿದವರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಇದ್ದರು; ಮುಂದೆ 2019ರಲ್ಲಿ ಅವರಿಗೆ ನೊಬೆಲ್ ಬಂತು.

ಅವರದ್ದೇ ತಂಡ ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಇನ್ನೊಂದು ವಿಷಯ ಕಂಡುಕೊಂಡಿತು. ಊರಿನಲ್ಲಿ ಸಭೆ ಸೇರಿಸಿ ಶಾಲೆ ಬಗ್ಗೆ ಜಾಗೃತಿ ಮೂಡಿಸಿದ್ದರಿಂದ ಹೆಚ್ಚೇನೂ ಬದಲಾಗಲಿಲ್ಲ. ಆದರೆ ಕೆಲವೇ ದಿನ ತರಬೇತಿ ಪಡೆದ ಊರಿನ ಸ್ವಯಂಸೇವಕರು ನಡೆಸಿದ ಓದಿನ ತರಗತಿಗೆ ಬಂದ ಮಕ್ಕಳು ಓದಲು ಕಲಿತರು. ಒಂದೇ ಕೊರತೆ: ಓದಲು ಬಾರದ ಮಕ್ಕಳಲ್ಲಿ ಹತ್ತಕ್ಕೆ ಒಬ್ಬರೋ ಇಬ್ಬರೋ ಮಾತ್ರ ಬಂದರು.

ನಮ್ಮ ತಾಲೂಕಿಗೆ ಇದರಲ್ಲಿ ಎರಡು ಪಾಠ ಇದೆ. ಭಾಷಣ, ಜಾಥಾ, ಬ್ಯಾನರ್‌ಗಿಂತ ಐದು ಮಕ್ಕಳ ಮುಂದೆ ಪುಸ್ತಕ ಹಿಡಿದು ಕೂತ ಒಬ್ಬ ವಿದ್ಯಾರ್ಥಿ ಮೇಲು. ಮತ್ತೆ, ಮಕ್ಕಳು ತಾವಾಗೇ ಬರ್ತಾರೆ ಅಂತ ಕಾಯೋ ಹಾಗಿಲ್ಲ, ಕರೆಯೋಕೆ ಮನೆ ಬಾಗಿಲಿಗೆ ಹೋಗಬೇಕು.

ನಮ್ಮ ಕಾಡಿನ ಸುತ್ತಲೇ ಇರುವ ಉದಾಹರಣೆ

1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಆರ್. ಬಾಲಸುಬ್ರಹ್ಮಣ್ಯಂ ನೇತೃತ್ವದಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಓದು ಮುಗಿಸಿ ಹೆಗ್ಗಡದೇವನಕೋಟೆ ಕಾಡಂಚಿಗೆ ಹೋದರು. ಹೋದದ್ದು ವೈದ್ಯರಾಗಿ. ಔಷಧಿ ಒಂದರಿಂದಲೇ ಆಗಲ್ಲ ಅಂತ ಕಂಡು ಆದಿವಾಸಿ ಮಕ್ಕಳಿಗೆ ಶಾಲೆಯನ್ನೂ ಶುರು ಮಾಡಿದರು. ಹೊಸಹಳ್ಳಿಯ ಆ ಶಾಲೆ ಇವತ್ತು ಆ ಭಾಗದಲ್ಲಿ ಎಲ್ಲರಿಗೂ ಗೊತ್ತು.

ನಮ್ಮ ಜಿಲ್ಲೆಯಲ್ಲೇ, ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದರು. ಅಲ್ಲೂ ಆರೋಗ್ಯದ ಜೊತೆಗೆ ಶಾಲೆ ಬಂತು. ಸೋಲಿಗ ಸಮುದಾಯದಿಂದಲೇ ಬಂದ ಸಿ. ಮಾದೇಗೌಡರು ಡಾಕ್ಟರೇಟ್ ಪಡೆದು, ಏಟ್ರೀ ಸಂಸ್ಥೆಯಲ್ಲಿ ಸಂಶೋಧಕರಾಗಿ ತಮ್ಮದೇ ಕಾಡಿನ ಬಗ್ಗೆ ಅಧ್ಯಯನ ಮಾಡಿದರು. 'ಅವರಿಗೆ ಓದು ಬೇಡ' ಅನ್ನೋರಿಗೆ ಈ ಉತ್ತರ ಸಾಕು.

ಈ ಎರಡು ಕಡೆಯೂ ಕೆಲಸ ಗಟ್ಟಿಯಾದದ್ದು ಬಂದವರು ವರ್ಷಗಟ್ಟಲೆ ನಿಂತದ್ದರಿಂದ. ಕಾಲೇಜು ವಿದ್ಯಾರ್ಥಿಗಳು ಹಾಗೆ ನಿಲ್ಲೋಕೆ ಆಗಲ್ಲ. ಎರಡು ಮೂರು ವರ್ಷಕ್ಕೆ ಡಿಗ್ರಿ ಮುಗಿಸಿ ಹೋಗ್ತಾರೆ. ಆದ್ದರಿಂದ ನಿಲ್ಲಬೇಕಾದ್ದು ಕಾಲೇಜು. ಈ ವರ್ಷದ ತಂಡ ಹೋದರೂ ಮುಂದಿನ ವರ್ಷದ ತಂಡ ಅದೇ ಹಾಡಿಗೆ, ಅದೇ ಮಕ್ಕಳ ಪಟ್ಟಿ ಹಿಡಿದು ಬರಬೇಕು. ಪ್ರತಿ ವರ್ಷ ಹೊಸ ಊರು ಅಂತ ಹೋದರೆ ಎಲ್ಲ ಊರಿಗೂ ಮೊದಲ ವಾರದ ಪಾಠವೇ.

ವಿದ್ಯಾರ್ಥಿಗಳು ಮಾಡಬಹುದಾದ ಮೂರು ಕೆಲಸ

*ಓದಿಸೋದು:* ಕ್ಲಾಸಿನ ಲೆಕ್ಕ ಬಿಟ್ಟು, ಮಗುವಿಗೆ ಏನು ಬರುತ್ತೆ ಅನ್ನೋದರಿಂದ ಶುರು ಮಾಡಬೇಕು. ಆರನೇ ಕ್ಲಾಸಿನ ಮಗುವಿಗೆ ಕಾಗುಣಿತ ಬರದಿದ್ದರೆ ಕಾಗುಣಿತದಿಂದ. ಜಾಗಕ್ಕೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ಇದೆ. 2020ರಲ್ಲಿ ಬಂದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ.

*ಅರ್ಜಿ ಹಾಕಿಸೋದು:* ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್ ಬಗ್ಗೆ ತಾಲೂಕಿನಲ್ಲಿ ಚೆನ್ನಾಗಿ ಗೊತ್ತಿರೋರು ಯಾರು? ಅದರಲ್ಲಿ ಅರ್ಜಿ ಹಾಕಿ, ಓಟಿಪಿಗೆ ಕಾದು, ಹೆಸರು ಹೊಂದದೆ ಒದ್ದಾಡಿದ ಡಿಗ್ರಿ ವಿದ್ಯಾರ್ಥಿಗಳೇ! ಅವರು ಲ್ಯಾಪ್‌ಟಾಪ್ ಹಿಡಿದು ಒಂದು ಭಾನುವಾರ ಹಾಡಿಯಲ್ಲಿ ಕೂತರೆ ಹತ್ತಾರು ಕುಟುಂಬಗಳ ಕೂಲಿ ಉಳಿಯುತ್ತೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಆರನೇ ಕ್ಲಾಸಿಗೆ ಸೇರುವ ಅರ್ಜಿ, ಹಾಸ್ಟೆಲ್ ಅರ್ಜಿ ಕೂಡ ಹೀಗೇ ಹಾಕಿಸಬಹುದು. ಜೇನು ಕುರುಬರು ಕೇಂದ್ರದ ಪಟ್ಟಿಯಲ್ಲಿ ವಿಶೇಷವಾಗಿ ದುರ್ಬಲ ಬುಡಕಟ್ಟು. ರಾಜ್ಯದಲ್ಲಿ ಕೊರಗರನ್ನು ಬಿಟ್ಟರೆ ಈ ಪಟ್ಟಿಯಲ್ಲಿರೋದು ಇವರೇ. 2023ರ ನವೆಂಬರ್‌ನಲ್ಲಿ ಶುರುವಾದ ಪಿಎಂ ಜನ್‌ಮನ್ ಇಂಥ ಸಮುದಾಯಗಳಿಗಾಗಿಯೇ ಇದೆ.

*ಕೈ ಹಿಡಿದು ದಾಟಿಸೋದು:* ಎಸ್‌ಎಸ್‌ಎಲ್‌ಸಿಯಲ್ಲಿ ಒಂದು ವಿಷಯ ಹೋದರೆ ಎಷ್ಟೋ ಮನೆಯಲ್ಲಿ ಓದಿನ ಕಥೆ ಅಲ್ಲಿಗೇ ಮುಗೀತು ಅಂದ್ಕೋತಾರೆ. ಎಸ್‌ಎಸ್‌ಎಲ್‌ಸಿ, ದ್ವಿತೀಯ ಪಿಯುಸಿ ಎರಡಕ್ಕೂ ಅದೇ ವರ್ಷ ಮತ್ತೆ ಬರೆಯುವ ಪದ್ಧತಿ ಇದೆ. ಇದು ಗೊತ್ತಿಲ್ಲದೆ ಮಗು ಕೂಲಿಗೆ ಹೋಗಿಬಿಟ್ಟರೆ ವಾಪಸ್ ತರೋದು ಕಷ್ಟ. ಫಲಿತಾಂಶ ಬಂದ ವಾರದಲ್ಲೇ ಮನೆಗೆ ಹೋಗಿ, ಅರ್ಜಿ ಕಟ್ಟಿಸಿ, ಆ ಒಂದು ವಿಷಯ ಓದಿಸಿದರೆ ಒಂದು ಬದುಕೇ ಬದಲಾಗಬಹುದು. ಕೊಡಗಿಗೆ ಹೋಗೋ ಕುಟುಂಬಗಳ ಪಟ್ಟಿಯನ್ನು ನವೆಂಬರ್‌ನಲ್ಲೇ ಮಾಡಿ, ಮಕ್ಕಳನ್ನು ಹಾಸ್ಟೆಲ್‌ನಲ್ಲಿ ಉಳಿಸೋಕೆ ಮುಖ್ಯ ಶಿಕ್ಷಕರ ಜೊತೆ ಮಾತಾಡೋದೂ ಇದರಲ್ಲಿ ಸೇರುತ್ತೆ.

ಎಚ್ಚರ ವಹಿಸಬೇಕಾದ್ದು

ಕತ್ತಲಾಗುವ ಮೊದಲು ಕ್ಲಾಸ್ ಮುಗಿಯಬೇಕು. ನಾಲ್ಕಕ್ಕೆ ಶುರು, ಐದೂವರೆಗೆ ಬಂದ್. ಕಾಡಂಚಿನಲ್ಲಿ ಇದರಲ್ಲಿ ರಾಜಿ ಇಲ್ಲ. ಅರಣ್ಯ ವ್ಯಾಪ್ತಿಯೊಳಗಿನ ಜಾಗಕ್ಕೆ ಇಲಾಖೆಯ ಅನುಮತಿ ಬೇಕು. ಮಕ್ಕಳ ಜೊತೆ ಒಬ್ಬರೇ ಇರಬಾರದು. ಎಸ್‌ಡಿಎಂಸಿ ಸದಸ್ಯರೋ, ಅಂಗನವಾಡಿ ಕಾರ್ಯಕರ್ತೆಯೋ, ಹಾಡಿಯ ಓದಿದ ಹುಡುಗ ಹುಡುಗಿಯೋ ಜೊತೆಗಿರಲಿ. ಹಾಡಿಯ ಮಾತು ಬಲ್ಲ ಅಂಥವರೇ ಮುಂದೆ ಈ ಕೆಲಸ ಮುಂದುವರಿಸೋರು. ತಂದೆ ತಾಯಿಯನ್ನು ಕೇಳದೆ ಮಕ್ಕಳ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕೋದು ಬೇಡ. 'ಪಾಪ' ಅನ್ನೋ ಮುಖ ಇಟ್ಕೊಂಡು ಹೋಗೋದೂ ಬೇಡ. ಕಾಡಿನ ಹೆಜ್ಜೆ ಗುರುತು, ಮರದ ಹೆಸರು, ಜೇನಿನ ಕಾಲ ಆ ಮಕ್ಕಳಿಗೆ ಗೊತ್ತಿರೋವಷ್ಟು ನಮಗೆ ಗೊತ್ತಿಲ್ಲ. ಕಲಿಸೋಕೆ ಹೋದವರು ಕಲಿತೂ ಬರಬಹುದು.

ಅಂಗಡಿಯವರು, ಹೋಟೆಲ್‌ನವರು ಏನು ಮಾಡಬಹುದು?

ಶಾಲೆ ಬಿಟ್ಟ ಮಗು ಮೊದಲು ಕಾಣಿಸೋದು ಅಧಿಕಾರಿಗಳಿಗಲ್ಲ, ನಿಮಗೆ. ಊಟಿ ರಸ್ತೆಯ ಹೋಟೆಲ್‌ನಲ್ಲಿ, ಗ್ಯಾರೇಜ್‌ನಲ್ಲಿ, ತರಕಾರಿ ಮಂಡಿಯಲ್ಲಿ 'ಕೆಲಸ ಇದ್ರೆ ಕೊಡಿ ಅಣ್ಣ' ಅಂತ ಬಂದು ನಿಲ್ಲೋದು ನಿಮ್ಮ ಮುಂದೆ.

- 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಕೊಳ್ಳೋ ಹಾಗಿಲ್ಲ. 2016ರ ತಿದ್ದುಪಡಿ ನಂತರ 20 ಸಾವಿರದಿಂದ 50 ಸಾವಿರ ರೂಪಾಯಿವರೆಗೆ ದಂಡ, 6 ತಿಂಗಳಿಂದ 2 ವರ್ಷದವರೆಗೆ ಜೈಲು, ಅಥವಾ ಎರಡೂ ಆಗಬಹುದು. 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ಹಾಕುವಂತಿಲ್ಲ.
- ಕೆಲಸ ಕೇಳಿ ಬಂದ ಮಗುವನ್ನು ಸುಮ್ಮನೆ ಓಡಿಸಬೇಡಿ. ಪಕ್ಕದಂಗಡಿಗೆ ಹೋಗುತ್ತೆ ಅಷ್ಟೆ. ಯಾವ ಊರು, ಯಾವ ಶಾಲೆ ಕೇಳಿ, ಆ ಶಾಲೆಯ ಮುಖ್ಯ ಶಿಕ್ಷಕರಿಗೆ ಒಂದು ಫೋನ್ ಮಾಡಿ. ಮಕ್ಕಳ ಸಹಾಯವಾಣಿ 1098 ಇದ್ದೇ ಇದೆ.
- ಜೆರಾಕ್ಸ್, ಸೈಬರ್ ಸೆಂಟರ್‌ನವರು ವಿದ್ಯಾರ್ಥಿವೇತನದ ಸಮಯದಲ್ಲಿ ವಾರಕ್ಕೊಂದು ಸಂಜೆ ಈ ಮಕ್ಕಳ ಅರ್ಜಿಗೆ ಅಂತ ಮೀಸಲಿಡಬಹುದು.
- ದಾನ ಕೊಡೋರು ಹೆಸರು ಹಾಕಿದ ಬ್ಯಾಗ್ ಬದಲು, ತರಗತಿಗೆ ಬರೋ ವಿದ್ಯಾರ್ಥಿಗಳ ಬಸ್ ಚಾರ್ಜು, ಮಕ್ಕಳಿಗೆ ಕಡ್ಲೆಕಾಯಿ-ಬೆಲ್ಲ, ಒಂದು ಸೋಲಾರ್ ದೀಪ ಕೊಟ್ಟರೆ ಅದು ವರ್ಷಪೂರ್ತಿ ಉಪಯೋಗಕ್ಕೆ ಬರುತ್ತೆ.

ಕೇಳೋದು ಹೇಗೆ?

ಕಾಲೇಜಿನವರು ತಾವಾಗಿ ಬರಲಿ ಅಂತ ಕಾಯಬೇಕಿಲ್ಲ. ಶಾಲೆಯ ಎಸ್‌ಡಿಎಂಸಿ ಅಥವಾ ಗ್ರಾಮ ಪಂಚಾಯಿತಿ ಒಂದು ಪುಟದ ಪತ್ರ ಬರೆದು ಹತ್ತಿರದ ಕಾಲೇಜಿನ ಪ್ರಾಂಶುಪಾಲರಿಗೆ, ಎನ್‌ಎಸ್‌ಎಸ್ ಕಾರ್ಯಕ್ರಮಾಧಿಕಾರಿಗೆ ಕೊಟ್ಟರೆ ಸಾಕು. ಒಂದು ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೂ ಹೋಗಲಿ. ಪತ್ರದಲ್ಲಿ ನಾಲ್ಕು ವಿಷಯ ಸ್ಪಷ್ಟವಾಗಿರಲಿ: ಎಷ್ಟು ಮಕ್ಕಳು, ಯಾವ ಕ್ಲಾಸಿನವರು, ವಾರದ ಯಾವ ದಿನ, ಎಷ್ಟು ಹೊತ್ತಿಗೆ, ಕೂರೋಕೆ ಜಾಗ ಎಲ್ಲಿ, ಊರಿನ ಕಡೆಯಿಂದ ಜವಾಬ್ದಾರಿ ಯಾರದ್ದು. ಕಾಲೇಜು ಶುರುವಾಗಿ ಎನ್‌ಎಸ್‌ಎಸ್ ಘಟಕ ವರ್ಷದ ಕೆಲಸದ ಪಟ್ಟಿ ಮಾಡುವ ಸಮಯಕ್ಕೇ ಕೊಡಿ. ಪಟ್ಟಿ ಆದ ಮೇಲೆ ಹೋದರೆ 'ಮುಂದಿನ ವರ್ಷ ನೋಡೋಣ' ಅಂತಾರೆ.

ವರ್ಷದ ಕೊನೆಗೆ ಲೆಕ್ಕ ಕೇಳೋದನ್ನೂ ಮರೀಬೇಡಿ. ಎಷ್ಟು ಗಿಡ ನೆಟ್ರಿ, ಎಷ್ಟು ಜಾಥಾ ಮಾಡಿದ್ರಿ ಅಂತ ಅಲ್ಲ. ಜೂನ್‌ನಲ್ಲಿ ಪಟ್ಟಿಯಲ್ಲಿದ್ದ ಮಕ್ಕಳಲ್ಲಿ ಮಾರ್ಚ್‌ಗೆ ಎಷ್ಟು ಜನ ಶಾಲೆಯಲ್ಲಿದ್ದಾರೆ, ಎಷ್ಟು ಜನ ಒಂದು ಪುಟ ತಡವರಿಸದೆ ಓದ್ತಾರೆ. ಈ ಎರಡು ಸಂಖ್ಯೆ ಪಂಚಾಯಿತಿ ಬೋರ್ಡಿನ ಮೇಲೆ ಬರೆಯೋ ಹಾಗಾದರೆ, ಕಾಲೇಜಿಗೂ ಊರಿಗೂ ನಡೆದ ಕೆಲಸ ಏನು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.